ನಿಮಗಿದು ಗೊತ್ತೆ? ಇಲ್ಲಿ ಟಿಕೆಟ್ ಕೇಳುವವರೇ ಇಲ್ಲ!

ಯುರೋಪಿನ ಪುಟ್ಟ ದೇಶ ಲಕ್ಸೆಂಬರ್ಗ್‌ನಲ್ಲಿ ಬಸ್, ಟ್ರಾಮ್, ರೈಲು ಹತ್ತಲು ದುಡ್ಡು ಕೊಡಬೇಕಿಲ್ಲ. ಅಲ್ಲಿಯವರಿಗಷ್ಟೇ ಅಲ್ಲ, ಈಗಷ್ಟೇ ವಿಮಾನ ಇಳಿದ ಪ್ರವಾಸಿಗೂ ಪ್ರಯಾಣ ಉಚಿತ. 2020ರ ಫೆಬ್ರುವರಿ 29ರಿಂದ ಇದು ಜಾರಿಯಲ್ಲಿದೆ. ಇಡೀ ದೇಶಕ್ಕೆ ಇಂಥ ಸೌಲಭ್ಯ ಕೊಟ್ಟ ಮೊದಲ ರಾಷ್ಟ್ರವೂ ಇದೇ. ರಸ್ತೆಗಳಲ್ಲಿ ಕಾರುಗಳ ದಟ್ಟಣೆ ತಗ್ಗಿಸುವುದು ಮುಖ್ಯ ಉದ್ದೇಶ. ಎಂಥ ಒಳ್ಳೆಯ ಯೋಚನೆ!

ರಾಜಧಾನಿಯಲ್ಲಿ ಕಣಿವೆಯೊಳಗಿನ ಫಾಫೆಂಥಾಲ್ ರೈಲು ನಿಲ್ದಾಣದಿಂದ ಎತ್ತರದ ಕಿರ್ಶ್‌ಬರ್ಗ್ ಬಡಾವಣೆಗೆ, ಕಡಿದಾದ ಹಳಿಯ ಮೇಲೆ ಕೇಬಲ್ ಎಳೆಯುವ ಬಂಡಿಯೊಂದು ಏರಿಳಿಯುತ್ತದೆ. ಅದರಲ್ಲೂ ಸುಮ್ಮನೆ ಹತ್ತಿ ಕೂರಬಹುದು.

ರೈಲಿನ ಪ್ರಥಮ ದರ್ಜೆಗೆ ಮಾತ್ರ ಈ ರಿಯಾಯಿತಿ ಇಲ್ಲ. ಗಡಿ ದಾಟಿ ಫ್ರಾನ್ಸ್, ಜರ್ಮನಿ, ಬೆಲ್ಜಿಯಂಗೆ ಹೋಗುವುದಾದರೆ ಟಿಕೆಟ್ ಕೊಳ್ಳಲು ಮರೆಯಬೇಡಿ.