ಹಾಸನದ ನೆಲದಡಿಯಲ್ಲಿ ಎಣ್ಣೆಯುಂಟೆ?

ಕಾವೇರಿ ಕಡಲು ಸೇರುವ ಸೀಮೆಯ ನರಿಮಣಂನಲ್ಲಿ ಖನಿಜತೈಲ ದೊರೆತಿದೆ. ಅದೇ ಕಾವೇರಿ ಹರಿಯುವ ಅರಕಲಗೂಡು ತಾಲ್ಲೂಕಿನಲ್ಲಿ ಏಕೆ ದೊರೆಯಬಾರದು? ವಿದ್ಯಾರ್ಥಿಗಳ ಈ ಪ್ರಶ್ನೆ ನಕ್ಕು ತಳ್ಳಿಹಾಕತಕ್ಕದ್ದಲ್ಲ. ಸಾಕಷ್ಟು ಆಳಕ್ಕೆ ಕೊರೆದರೆ ಎಲ್ಲಿಯಾದರೂ ಎಣ್ಣೆ ಚಿಮ್ಮೀತೆಂಬ ನಂಬಿಕೆ ಓದಿದವರಲ್ಲಿಯೂ ಉಂಟು.

ಎಣ್ಣೆಯ ಹುಟ್ಟು ನೀರಿನ ತಳದಲ್ಲಿ. ಸೂಕ್ಷ್ಮಜೀವಿಗಳ ಅವಶೇಷಗಳು ಕೆಸರಿನೊಡನೆ ಪದರಪದರವಾಗಿ ಹೂತುಹೋಗಿ, ಹಲವು ಕಿಲೋಮೀಟರುಗಳ ಆಳದಲ್ಲಿ ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಸಿಕ್ಕಿದಾಗ ಎಣ್ಣೆಯಾಗಿ ಮಾರ್ಪಡುತ್ತವೆ. ಶಾಖ ಇನ್ನೂ ಏರಿದರೆ ಅನಿಲ ಮಾತ್ರ. ಅದಕ್ಕೂ ಮೀರಿದರೆ ಉಳಿಯುವುದು ಕರಿಯ ಇಂಗಾಲ. ಇದು ಹದವರಿತ ಅಡಿಗೆಯೆನ್ನಬೇಕು.

ಹಾಸನ ಜಿಲ್ಲೆಯಲ್ಲಿ ಈ ಹದ ಎಂದೋ ಮೀರಿಹೋಗಿದೆ. ಗೊರೂರು, ಹಾಸನಗಳ ಸುತ್ತಣ ನೈಸ್ ಶಿಲೆಯ ವಯಸ್ಸು, ವಿಕಿರಣ ಮಾಪನದಿಂದ ತಿಳಿದುಬಂದಂತೆ, 330 ಕೋಟಿ ವರ್ಷಗಳಿಗೂ ಮಿಕ್ಕದ್ದು. ಹೊಳೆನರಸೀಪುರದ ಷಿಸ್ಟ್ ಪಟ್ಟಿಯಲ್ಲಿ ಒಂದು ಕಾಲಕ್ಕೆ ಕೆಸರಾಗಿದ್ದ ಶಿಲೆಗಳೂ ಇವೆ. ಆದರೆ ಅವುಗಳಲ್ಲಿ ಕಾಣುವ ಕಯನೈಟ್, ಸ್ಟಾರೊಲೈಟ್ ಹರಳುಗಳು ಅಲ್ಲಿನ ಶಾಖ 500 ಡಿಗ್ರಿಯನ್ನು ದಾಟಿತ್ತೆಂಬುದಕ್ಕೆ ಸಾಕ್ಷಿ. ಚನ್ನರಾಯಪಟ್ಟಣ ತಾಲ್ಲೂಕಿನ ಬೈರಾಪುರದಲ್ಲಿ ಕ್ರೋಮೈಟ್ ಸಿಕ್ಕಿತು. ಅದು ಕರಗಿದ ಶಿಲಾರಸದಿಂದ ಹುಟ್ಟುವ ಅದಿರು. ಇಂಥ ನೆಲದಲ್ಲಿ ಎಣ್ಣೆಯನ್ನರಸುವುದು ಹಣ ಪೋಲುಮಾಡಿದಂತೆ.

ಹಾಗಾದರೆ ಕರ್ಣಾಟಕದಲ್ಲಿ ಪರೀಕ್ಷಿಸತಕ್ಕ ನೆಲವೇ ಇಲ್ಲವೆ? ಇದೆ. ಬಾಗಲಕೋಟೆಯ ಕಡೆಯ ಕಲಾದಗಿ ಶಿಲೆಗಳೂ ಕಲಬುರಗಿಯ ಕಡೆಯ ಭೀಮಾ ಶಿಲೆಗಳೂ ನೀರಿನಡಿ ಪದರಗಟ್ಟಿದವು; ಬಹುಮಟ್ಟಿಗೆ ಅತಿಶಾಖಕ್ಕೆ ಸಿಕ್ಕದವು. ಬಹು ಪುರಾತನವೆಂಬ ಒಂದೇ ಕಾರಣಕ್ಕೆ ಇವನ್ನು ಬಿಡುವಂತಿಲ್ಲ: ಒಮಾನ್ ಮತ್ತು ಪೂರ್ವ ಸೈಬೀರಿಯಗಳಲ್ಲಿ 50 ಕೋಟಿ ವರ್ಷಗಳಿಗಿಂತ ಹಳೆಯ ಶಿಲೆಗಳೂ ಎಣ್ಣೆ ಕೊಟ್ಟಿವೆ. ಭಾರತದಲ್ಲಿ ಸರಿಯಾಗಿ ಪರೀಕ್ಷಿಸದೆ ಉಳಿದಿದ್ದ ಪದರಶಿಲಾ ಪ್ರದೇಶಗಳ ಅಳತೆಗೆಂದು 2016ರಲ್ಲಿ ಕೇಂದ್ರ ಸರ್ಕಾರ ಒಂದು ಯೋಜನೆಯನ್ನು ಹಮ್ಮಿಕೊಂಡಿತು. ಅಳೆಯಬೇಕಾದ ರೇಖೆಗಳ ಒಟ್ಟು ಉದ್ದ 48,243 ಕಿಲೋಮೀಟರ್.

ಅಳತೆಯ ತತ್ತ್ವ ಭೌತಶಾಸ್ತ್ರದ ಪ್ರಥಮ ಪಾಠದ್ದೇ. ನೆಲವನ್ನು ಭಾರವಾದ ಯಂತ್ರದಿಂದಲೋ ಸಿಡಿಮದ್ದಿನಿಂದಲೋ ಕಂಪಿಸುತ್ತಾರೆ. ಅಲೆಗಳು ಕೆಳಗಿಳಿದು, ಸ್ತರ ಬದಲಾದ ಕಡೆ ಪ್ರತಿಫಲಿಸಿ ಮೇಲೆ ಬರುತ್ತವೆ. ಪ್ರತಿಧ್ವನಿ 2 ಸೆಕೆಂಡಿಗೆ ಮರಳಿತು, ವೇಗ ಸೆಕೆಂಡಿಗೆ 3 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಅಲೆ ಕ್ರಮಿಸಿದ್ದು 6 ಕಿಲೋಮೀಟರ್. ಹೋಗಿ ಬರುವ ದಾರಿಯಾದುದರಿಂದ ಸ್ತರದ ಆಳ 3 ಕಿಲೋಮೀಟರ್. ಲೆಕ್ಕ ಸುಲಭ, ಕೆಲಸ ಕಷ್ಟ. ಉತ್ತರದಲ್ಲಿ ಈ ಶಿಲೆಗಳು ದಖ್ಖಣದ ಕಪ್ಪುಕಲ್ಲಿನಡಿ ಮರೆಯಾಗಿವೆ. ಅಲ್ಲಿ ಲಾವಾದ ಹೊದಿಕೆ ಅಲೆಗಳನ್ನು ಚದರಿಸಿ, ಪ್ರತಿಧ್ವನಿಯನ್ನು ಗದ್ದಲದಲ್ಲಿ ಮುಳುಗಿಸುತ್ತದೆ. ಆಗ ಗುರುತ್ವಾಕರ್ಷಣದ ಅತಿಸೂಕ್ಷ್ಮ ವ್ಯತ್ಯಾಸಗಳನ್ನಳೆದು, ಹಗುರ ಶಿಲೆಯ ದಪ್ಪವನ್ನು ಊಹಿಸಬೇಕಾಗುತ್ತದೆ. ಆದರೂ ಕೊನೆಯ ತೀರ್ಪು ಕೊಳವೆ ಕೊರೆದಾಗಲೇ.

ಎಣ್ಣೆ ಹೆರದ ನೈಸ್ ಶಿಲೆಗೆ ಬೇರೊಂದು ಉಪಯೋಗವುಂಟು. ಕರಾವಳಿಯ ಮಂಗಳೂರಿನಲ್ಲಿಯೂ ಪಾದೂರಿನಲ್ಲಿಯೂ ಅಂಥದೇ ಗಟ್ಟಿಶಿಲೆಯೊಳಗೆ ಗುಹೆಗಳನ್ನು ಕೊರೆದು, ಕ್ರಮವಾಗಿ 15 ಲಕ್ಷ ಮತ್ತು 25 ಲಕ್ಷ ಟನ್ ಕಚ್ಚಾತೈಲ ಹಿಡಿಯುವ ಉಗ್ರಾಣಗಳನ್ನು ಮಾಡಿದ್ದಾರೆ. ಸುತ್ತಲಿನ ಅಂತರ್ಜಲದ ಒತ್ತಡ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಿರುವಂತೆ ನೋಡಿಕೊಳ್ಳುವುದರಿಂದ ಬಿರುಕುಗಳಲ್ಲಿ ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ಎಣ್ಣೆ ಹೊರಕ್ಕೆ ಸೋರುವುದಿಲ್ಲ.