ಮದ್ದಿನ ಬೆಲೆ: ಕಟ್ಟುಪಾಡಿನಿಂದ ಕಾಯಿದೆಗೆ

ಮದ್ದಿಗೆ ಬೆಲೆ ಕಟ್ಟಿದರೆ ಅದರ ಗುಣ ಕೆಡುತ್ತದೆಂಬ ನಂಬಿಕೆ ನಮ್ಮ ನಾಟಿವೈದ್ಯರಲ್ಲಿ ಹಲವರಿಗಿದೆ. ರೋಗಿಯು ಎಲೆಯಡಿಕೆಯೊಡನೆ ಇಟ್ಟ ಕಾಣಿಕೆಯನ್ನಷ್ಟೇ ಅವರು ಸ್ವೀಕರಿಸುವರು. ಇದನ್ನು ಮೂಢನಂಬಿಕೆಯೆಂದು ತಳ್ಳಿಹಾಕಲಾಗದು. ನೋವಿನಲ್ಲಿರುವವನು ಚೌಕಾಸಿ ಮಾಡಲಾರ. ಆದ್ದರಿಂದ ಕೊಡುವವನ ಆಸೆಗೇ ಮಿತಿಯಿರಬೇಕೆಂಬ ವಿವೇಕ ಅದರಲ್ಲಡಗಿದೆ.

ಕಾಣಿಕೆಯಿಂದ ಔಷಧ ಕಾರ್ಖಾನೆ ನಡೆಯದು. ಹೀಗಾಗಿ ಅಲ್ಲಿ ಮಿತಿ ಹಾಕುವ ಹೊಣೆ ಸರ್ಕಾರದ್ದಾಗಿದೆ. 1995ರ ಔಷಧ ಬೆಲೆ ನಿಯಂತ್ರಣ ಆದೇಶವು ಪಟ್ಟಿಯಲ್ಲಿದ್ದ ಔಷಧಗಳಿಗೆ ತಯಾರಿಕಾ ವೆಚ್ಚವನ್ನಾಧರಿಸಿ ಬೆಲೆ ನಿಗದಿಪಡಿಸುತ್ತಿತ್ತು. 2013ರ ಆದೇಶ ಈ ಕ್ರಮವನ್ನು ಬದಲಿಸಿತು. ಅದರಂತೆ, ಅವಶ್ಯಕ ಔಷಧವೊಂದರ ಮಾರಾಟದಲ್ಲಿ ಕನಿಷ್ಠ ಶೇ. 1ರ ಪಾಲುಳ್ಳ ಎಲ್ಲ ಬ್ರಾಂಡುಗಳ ಬೆಲೆಯ ಸರಾಸರಿ ತೆಗೆದು, ಅದಕ್ಕೆ ಚಿಲ್ಲರೆ ವ್ಯಾಪಾರಿಯ ಶೇ. 16 ಲಾಭಾಂಶ ಕೂಡಿಸಿ ಗರಿಷ್ಠ ಬೆಲೆಯನ್ನು ಗೊತ್ತುಪಡಿಸಲಾಗುತ್ತದೆ. ದುಬಾರಿ ಬ್ರಾಂಡುಗಳೇ ಹೆಚ್ಚಿರುವೆಡೆ ಈ ಸರಾಸರಿಯೂ ಏರುತ್ತದೆ. ಪಟ್ಟಿಯ ಹೊರಗಿನ ಔಷಧಗಳಿಗೆ ಗರಿಷ್ಠ ಬೆಲೆಯಿಲ್ಲ, ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬಾರದೆಂಬ ನಿರ್ಬಂಧ ಮಾತ್ರವಿದೆ.

ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ, ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ನೇರವಾಗಿ ಕೈಯಿಂದ ಭರಿಸುವ ಪಾಲು 2013-14ರಲ್ಲಿ ಶೇ. 64.2ರಷ್ಟಿದ್ದುದು 2021-22ರಲ್ಲಿ ಶೇ. 39.4ಕ್ಕೆ ಇಳಿಯಿತು. ಇಳಿಕೆ ಗಮನಾರ್ಹವೇ, ಆದರೂ ಪ್ರತಿ ಹತ್ತು ರೂಪಾಯಿಯಲ್ಲಿ ಸುಮಾರು ನಾಲ್ಕು ರೂಪಾಯಿ ರೋಗಿಯ ಮನೆಯಿಂದಲೇ ಹೊರಟಿತು. ಕಟ್ಟುಪಾಡು ರೋಗಿಯ ಶಕ್ತಿಯನ್ನು ನೋಡಿ ಹೊರಡುತ್ತಿತ್ತು. ಕಾಯಿದೆ ಮಾರುಕಟ್ಟೆಯ ಸರಾಸರಿಯಿಂದ ಹೊರಡುತ್ತದೆ. ಬೆಲೆನೀತಿಯ ಚರ್ಚೆ ಈ ಅಂತರವನ್ನು ಗಮನಿಸಬೇಕಾಗಿದೆ.