ಹಣ್ಣೆಲೆಯ ಹೆದ್ದಾರಿ

ಸೆಪ್ಟೆಂಬರ್ ಕೊನೆಗೆ ಬಂತೆಂದರೆ ಬಾಸ್ಟನ್ ಸುತ್ತಮುತ್ತಲ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಸರಾ ಗೊಂಬೆಗಳ ಫೋಟೊಗಳ ನಡುವೆ ಒಂದು ಪ್ರಶ್ನೆ ತೂರಿಕೊಳ್ಳುತ್ತದೆ: ‘ಈ ಸಲ ಪೀಕ್ ಯಾವಾಗ?’ ಎಲೆಗಳ ಬಣ್ಣ ಪೂರ್ತಿ ತುಂಬಿಕೊಳ್ಳುವ ವಾರಾಂತ್ಯ ಯಾವುದು ಎಂಬ ಲೆಕ್ಕಾಚಾರ ಅದು. ಊರಿನಿಂದ ಬಂದ ಅಪ್ಪ–ಅಮ್ಮ ಅಕ್ಟೋಬರ್ ಮುಗಿಯುವುದರೊಳಗೆ ವಾಪಸಾಗುವವರಿದ್ದರೆ ಪ್ರಶ್ನೆಗೆ ಇನ್ನಷ್ಟು ಅವಸರ. ‘ಎಲೆ ನೋಡೋದಕ್ಕೆ ಅಷ್ಟು ದೂರ ಹೋಗ್ಬೇಕೇನೋ, ಬೀದಿ ತುಂಬ ಇದೆಯಲ್ಲ’ ಎಂದು ಅಮ್ಮ ಅಂದರೂ ಹೋಟೆಲ್ ಹುಡುಕಾಟ ನಿಲ್ಲುವುದಿಲ್ಲ.

ನನ್ನ ಪ್ರಕಾರ ಆ ಪ್ರಶ್ನೆಯೇ ಸರಿಯಿಲ್ಲ. ನ್ಯೂ ಇಂಗ್ಲೆಂಡ್ ಸೀಮೆಯಲ್ಲಿ ಬಣ್ಣ ಒಂದೇ ದಿನ ಬಂದು ನಿಲ್ಲುವುದಿಲ್ಲ. ಅದು ಉತ್ತರದಿಂದ ದಕ್ಷಿಣಕ್ಕೆ, ಬೆಟ್ಟದ ನೆತ್ತಿಯಿಂದ ತಪ್ಪಲಿಗೆ ಇಳಿಯುತ್ತ ಬರುತ್ತದೆ. ವರ್ಮಾಂಟ್ ಮತ್ತು ನ್ಯೂ ಹ್ಯಾಂಪ್‌ಶೈರ್‌ನ ಉತ್ತರದ ಕಾಡುಗಳು ಸೆಪ್ಟೆಂಬರ್ ಕೊನೆಗೇ ಕೆಂಪಾದರೆ, ಬಾಸ್ಟನ್ ನಗರದ ಮರಗಳಿಗೆ ಅಕ್ಟೋಬರ್ ಕೊನೆಯವರೆಗೂ ಆತುರವಿಲ್ಲ. ಹಾಗಾಗಿ ತಾರೀಖಿನ ಬೆನ್ನು ಹತ್ತುವ ಬದಲು ಎತ್ತರ ನೋಡಿ ದಾರಿ ಆರಿಸಿಕೊಳ್ಳಬೇಕು. ಒಂದೇ ದಾರಿಯಲ್ಲಿ ಎರಡು ಸಾವಿರ ಅಡಿ ಹತ್ತಿ ಇಳಿದರೆ ಮೇಲೆ ಉದುರಿದ್ದರೂ ಕೆಳಗೆ ಉಳಿದಿರುತ್ತದೆ, ಕೆಳಗೆ ಹಸಿರಿದ್ದರೂ ಮೇಲೆ ಹಣ್ಣಾಗಿರುತ್ತದೆ.

ಇದಕ್ಕೆ ಹೇಳಿ ಮಾಡಿಸಿದಂಥ ದಾರಿ ನ್ಯೂ ಹ್ಯಾಂಪ್‌ಶೈರ್‌ನ ಕ್ಯಾಂಕಮಾಗಸ್ ಹೆದ್ದಾರಿ. ಕಾನ್ವೇ ಮತ್ತು ಲಿಂಕನ್ ಎಂಬ ಎರಡು ಊರುಗಳ ನಡುವೆ ಸುಮಾರು 55 ಕಿಲೋಮೀಟರ್. ಕಾನ್ವೇ ಸಮುದ್ರಮಟ್ಟದಿಂದ 500 ಅಡಿಯ ಆಸುಪಾಸಿನಲ್ಲಿದೆ, ಘಟ್ಟದ ನೆತ್ತಿ 2,855 ಅಡಿ, ಆಚೆ ಬದಿಯ ಲಿಂಕನ್ ಸುಮಾರು 800 ಅಡಿ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಇಂಗ್ಲಿಷರಿಗೆ ಎದುರು ನಿಂತ ಪೆನಕುಕ್ ಬುಡಕಟ್ಟಿನ ಮುಖಂಡನ ಹೆಸರು ಈ ರಸ್ತೆಗೆ ಇದೆ. ಸ್ಥಳೀಯರ ಬಾಯಲ್ಲಿ ಅದು ಬರೀ ‘ಕ್ಯಾಂಕ್’.

ಬಾಸ್ಟನ್‌ನಿಂದ ಹೊರಡುವ ಹೆಚ್ಚಿನವರು ಐ-93 ಹಿಡಿದು ಎರಡು–ಎರಡೂವರೆ ಗಂಟೆಯಲ್ಲಿ ಲಿಂಕನ್ ತಲುಪಿ, ಅಲ್ಲಿಂದ ಪೂರ್ವಕ್ಕೆ ಕ್ಯಾಂಕ್ ಹತ್ತುತ್ತಾರೆ. ಬೆಳಗಿನ ಹೊತ್ತು ಹಾಗೆ ಹೋದರೆ ಬಿಸಿಲು ನೇರ ಕಣ್ಣಿಗೆ. ನಾನಾದರೆ ತಿರುಗುಮುರುಗು ಹೇಳುತ್ತೇನೆ. ಹಿಂದಿನ ದಿನ ಮಧ್ಯಾಹ್ನವೇ ಹೊರಟು 16ನೇ ಹೆದ್ದಾರಿಯಲ್ಲಿ ಕಾನ್ವೇಗೆ ಹೋಗಿ. ದಾರಿಯಲ್ಲಿ ಚೊಕೋರುವಾ ಕೆರೆ ಸಿಗುತ್ತದೆ. ಬೋಳು ಬಂಡೆಯ ನೆತ್ತಿಯುಳ್ಳ ಅದೇ ಹೆಸರಿನ ಬೆಟ್ಟ ಕೆರೆಯ ಹಿಂದೆ ಎದ್ದು ನಿಂತಿದೆ. ಕಾನ್ವೇಯಲ್ಲಿ ರಾತ್ರಿ ತಂಗಿ, ಬೆಳಿಗ್ಗೆ ಏಳಕ್ಕೆಲ್ಲ ಪಶ್ಚಿಮಕ್ಕೆ ಹೊರಟರೆ ಸೂರ್ಯ ಬೆನ್ನಿಗಿರುತ್ತಾನೆ, ಎದುರಿನ ಇಳಿಜಾರು ಪೂರ್ತಿ ಬೆಳಗಿರುತ್ತದೆ. ನಿಲ್ಲಿಸಿದಲ್ಲೆಲ್ಲ ಒಮ್ಮೆ ಹಿಂದಕ್ಕೂ ತಿರುಗಿ ನೋಡಿ, ಬಿಸಿಲು ಎಲೆಯನ್ನು ಹಾಯ್ದು ಬರುವುದು ಆ ದಿಕ್ಕಿನಲ್ಲಿ.

ಕಾನ್ವೇ ಬಿಟ್ಟು ಸ್ವಲ್ಪವೇ ಮುಂದೆ, ಸ್ವಿಫ್ಟ್ ಹೊಳೆಗೆ ಅಡ್ಡಲಾಗಿ 1858ರ ಆಲ್ಬನಿ ಸೇತುವೆ ಇದೆ. ಮನೆಯ ಹಾಗೆ ಗೋಡೆ, ಚಾವಣಿ ಎರಡೂ ಇರುವ ಮರದ ಸೇತುವೆ. ಚಾವಣಿ ಇರುವುದು ಹಾದುಹೋಗುವವರಿಗಾಗಿ ಅಲ್ಲ, ಮಳೆ–ಹಿಮಕ್ಕೆ ತೊಲೆಗಳು ಕೊಳೆಯದಿರಲಿ ಎಂದು. ಆಮೇಲೆ ರಾಕಿ ಗಾರ್ಜ್, ಸ್ವಲ್ಪ ನಡೆದರೆ ಸಿಗುವ ಸಬ್ಬಾಡೇ ಜಲಪಾತ. ವಯಸ್ಸಾದವರ ಮಂಡಿಗೆ ಇವೆರಡೂ ಹೆಚ್ಚು ತೊಂದರೆ ಕೊಡುವುದಿಲ್ಲ. ಘಟ್ಟದ ನೆತ್ತಿಯ ವೀಕ್ಷಣಾ ತಾಣಗಳನ್ನು ಯಾರೂ ಹೇಳಿಕೊಡಬೇಕಿಲ್ಲ, ಕಾರುಗಳ ಸಾಲೇ ಹೇಳುತ್ತದೆ.

ಬಣ್ಣಗಳನ್ನು ಗುರುತಿಸಲು ಕಲಿತರೆ ಪ್ರಯಾಣದ ರುಚಿಯೇ ಬೇರೆ. ಜೌಗಿನ ಅಂಚಿನಲ್ಲಿ ಎಲ್ಲರಿಗಿಂತ ಮೊದಲು ಕೆಂಪೇರುವುದು ಕೆಂಪು ಮೇಪಲ್. ಒಂದೇ ಮರದಲ್ಲಿ ಹಳದಿ, ಕಿತ್ತಳೆ, ಕೆಂಪು ಮೂರನ್ನೂ ತೋರಿಸುವುದು ಸಕ್ಕರೆ ಮೇಪಲ್. ಬೆಳಗಿನ ಪ್ಯಾನ್‌ಕೇಕ್ ಮೇಲೆ ಸುರಿಯುವ ಸಿರಪ್ ಇದರದೇ. ಸುಮಾರು 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಸಿರಪ್. ಅಚ್ಚ ಹಳದಿ ಬರ್ಚ್‌ನದು, ತಾಮ್ರದ ಬಣ್ಣ ಬೀಚ್ ಮರದ್ದು. ಓಕ್ ನಿಧಾನಸ್ಥ, ಎಲ್ಲರೂ ಉದುರಿಸಿ ಕೂತ ಮೇಲೆ ಅದರ ಕಂದುಗೆಂಪು ಶುರುವಾಗುತ್ತದೆ.

ಹಳದಿ ಬೇಸಿಗೆಯಿಡೀ ಎಲೆಯೊಳಗೇ ಇತ್ತು, ಹಸಿರು ಅದನ್ನು ಮುಚ್ಚಿತ್ತು ಅಷ್ಟೆ. ಹಗಲು ಕುಗ್ಗುತ್ತ ಬಂದಂತೆ ಮರ ಪತ್ರಹರಿತ್ತನ್ನು ಒಡೆದು ಅದರ ಸಾರವನ್ನು ರೆಂಬೆಗೆ ಎಳೆದುಕೊಳ್ಳುತ್ತದೆ, ಹಳದಿ ಬಯಲಿಗೆ ಬರುತ್ತದೆ. ಕೆಂಪಿನ ಕಥೆ ಬೇರೆ. ಆಂಥೋಸಯನಿನ್ ಎಂಬ ಆ ಬಣ್ಣವನ್ನು ಎಲೆ ತನ್ನಲ್ಲಿ ಉಳಿದ ಸಕ್ಕರೆಯಿಂದ ಆಗ ಹೊಸದಾಗಿ ತಯಾರಿಸುತ್ತದೆ. ಹಗಲು ಒಳ್ಳೆಯ ಬಿಸಿಲು, ರಾತ್ರಿ ಹಿಮಗಟ್ಟದಷ್ಟು ಚಳಿ ಇದ್ದ ವರ್ಷ ಕೆಂಪು ಹೆಚ್ಚು. ನಮ್ಮ ಮಲೆನಾಡಿನಲ್ಲೂ ಕಾಡು ಕೆಂಪಾಗುತ್ತದೆ, ಆದರೆ ತುದಿ ಉಲ್ಟಾ. ನಾಗಸಂಪಿಗೆ, ಮಾವು ಕೆಂಪಾಗುವುದು ಚಿಗುರಿನಲ್ಲಿ. ಬಣ್ಣದ ವಸ್ತು ಅದೇ ಆಂಥೋಸಯನಿನ್. ನಮ್ಮಲ್ಲಿ ಎಲೆ ಹುಟ್ಟುವಾಗ ಕೆಂಪು, ಅಲ್ಲಿ ಹೋಗುವಾಗ.

ಇಷ್ಟೆಲ್ಲ ನೋಡುವಾಗ ಇದೆಲ್ಲ ಅನಾದಿ ಕಾಡು ಎಂದುಕೊಳ್ಳುವುದು ಸಹಜ. ಅಲ್ಲ. ನ್ಯೂ ಹ್ಯಾಂಪ್‌ಶೈರ್ ಸರ್ಕಾರ 1867ರಲ್ಲಿ ಈ ಬೆಟ್ಟಗಳಲ್ಲಿ ತನಗಿದ್ದ ಕಾಡನ್ನು ಅಗ್ಗಕ್ಕೆ ಮಾರಿಬಿಟ್ಟಿತು. ಆಮೇಲೆ ಬಂದವರು ಮರದ ಸಾಹುಕಾರರು. ಲಿಂಕನ್‌ನಲ್ಲಿ ಬೀಡುಬಿಟ್ಟ ಜೆ. ಇ. ಹೆನ್ರಿ ದಿಮ್ಮಿ ಸಾಗಿಸಲೆಂದೇ ಕಾಡಿನೊಳಕ್ಕೆ ರೈಲು ಹಳಿ ಹಾಕಿಸಿದ. ಕಡಿದುಳಿದ ಒಣ ರೆಂಬೆಗಳಿಗೆ ಎಂಜಿನ್ನಿನ ಕಿಡಿ ಬಿದ್ದು ಬೆಟ್ಟಗಳು ಹೊತ್ತಿ ಉರಿದವು. ಮಣ್ಣು ಕೊಚ್ಚಿಹೋಯಿತು. ಹೊಳೆಗಳು ಒಮ್ಮೆ ಉಕ್ಕಿ ಒಮ್ಮೆ ಬತ್ತತೊಡಗಿದಾಗ ಕೆಳಗಿನ ಮೆರಿಮ್ಯಾಕ್ ದಂಡೆಯ ಗಿರಣಿಗಳಿಗೆ ಬಿಸಿ ತಟ್ಟಿತು. ಗಿರಣಿ ಮಾಲೀಕರ ಕಾಳಜಿಗೂ ಕಾಡುಪ್ರೇಮಿಗಳ ಒತ್ತಾಯಕ್ಕೂ ಆಗ ತಾಳೆ ಬಿದ್ದದ್ದು ಈ ಕಾಡಿನ ಪುಣ್ಯ. ಇದೇ ಸೀಮೆಯಲ್ಲಿ ಹುಟ್ಟಿ ಮ್ಯಾಸಚೂಸೆಟ್ಸ್‌ನಿಂದ ಸಂಸದರಾಗಿದ್ದ ಜಾನ್ ವೀಕ್ಸ್ ಮಂಡಿಸಿದ ಕಾಯ್ದೆ 1911ರಲ್ಲಿ ಜಾರಿಗೆ ಬಂತು. ನದಿಮೂಲಗಳನ್ನು ಕಾಯಲು ಖಾಸಗಿ ಜಮೀನನ್ನು ಕೊಂಡುಕೊಳ್ಳುವ ಅಧಿಕಾರ ಕೇಂದ್ರ ಸರ್ಕಾರಕ್ಕೆ ಸಿಕ್ಕಿತು. 1918ರಲ್ಲಿ ವೈಟ್ ಮೌಂಟನ್ ರಾಷ್ಟ್ರೀಯ ಅರಣ್ಯ ಘೋಷಣೆಯಾಯಿತು. ಸುಟ್ಟ ಜಾಗಗಳಿಗೆ ಮೊದಲು ನುಗ್ಗಿದ ಮರಗಳಲ್ಲಿ ಬಿಳಿ ತೊಗಟೆಯ ಬರ್ಚ್ ಮುಖ್ಯ. ನೀವು ಫೋಟೊ ತೆಗೆಯುವ ಹಳದಿಯಲ್ಲಿ ಆ ಬೆಂಕಿಯ ಪಾಲೂ ಇದೆ. ಕ್ಯಾಂಕ್‌ನ ಪಶ್ಚಿಮ ತುದಿಯ ಲಿಂಕನ್ ವುಡ್ಸ್‌ನಲ್ಲಿ ಇಳಿದರೆ ಹೆನ್ರಿಯ ರೈಲು ಓಡಿದ ನೆಲದ ಮೇಲೇ ನಡೆಯಬಹುದು, ಸಪಾಟು ದಾರಿ. ನೆತ್ತಿಯ ನೋಟಕ್ಕಿಂತ ನನಗೆ ಈ ನಡಿಗೆಯೇ ಇಷ್ಟ.

ಇನ್ನು ಸಿದ್ಧತೆ. ಅಕ್ಟೋಬರ್ ಎರಡನೆಯ ಸೋಮವಾರ ಅಲ್ಲಿ ಸರ್ಕಾರಿ ರಜೆ. ಆ ಮೂರು ದಿನದ ವಾರಾಂತ್ಯವನ್ನು ದಯವಿಟ್ಟು ಬಿಟ್ಟುಬಿಡಿ. ಎಲ್ಲ ರಾಜ್ಯದವರೂ ಅಂದೇ ಬರುತ್ತಾರೆ, ಕೋಣೆಯ ಬಾಡಿಗೆ ಕೇಳಿದರೆ ಬಣ್ಣ ನಿಮ್ಮ ಮುಖದಲ್ಲೇ ಕಾಣುತ್ತದೆ. ಒಂದು ದಿನ ರಜೆ ಹಾಕಿ ವಾರದ ನಡುವೆ ಹೋಗುವುದು ಎಷ್ಟೋ ಅಗ್ಗ. ಕ್ಯಾಂಕ್ ಉದ್ದಕ್ಕೂ ಪೆಟ್ರೋಲ್ ಇಲ್ಲ, ಹೋಟೆಲ್ ಇಲ್ಲ, ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಕಾನ್ವೇಯಲ್ಲೇ ಟ್ಯಾಂಕ್ ತುಂಬಿಸಿ, ನಕ್ಷೆ ಇಳಿಸಿಕೊಳ್ಳಿ, ಪುಳಿಯೋಗರೆ ಡಬ್ಬಿ ಕೈಗೆಟಕುವಲ್ಲಿ ಇಡಿ. ನೆತ್ತಿಯಲ್ಲಿ ಗಾಳಿ ಕೊರೆಯುತ್ತದೆ, ಕಿವಿ ಮುಚ್ಚುವ ಟೋಪಿ ಬೇಕು. ಆರೂಕಾಲರ ಸುಮಾರಿಗೆ ಸೂರ್ಯ ಮುಳುಗುತ್ತಾನೆ, ಕತ್ತಲಾದ ಮೇಲೆ ನಿಧಾನವಾಗಿ ಓಡಿಸಿ. ಮೂಸ್ ಎಂಬ ದೈತ್ಯ ಕಡವೆಯ ಕಾಲು ಎಷ್ಟು ಉದ್ದವೆಂದರೆ ಕಾರು ಗುದ್ದಿದರೆ ಅದರ ಮೈ ನೇರ ಗಾಜಿನ ಮೇಲೆ ಬೀಳುತ್ತದೆ.

ರೀಲ್ಸ್ ನೋಡಿ ಜಾಗ ಆರಿಸುವವರಿಗೆ ಒಂದು ಮಾತು. ವರ್ಮಾಂಟ್‌ನ ಪಾಮ್‌ಫ್ರೆಟ್ ಎಂಬ ಪುಟ್ಟ ಊರಿನಲ್ಲಿ ಒಂದು ಖಾಸಗಿ ತೋಟದ ಚಿತ್ರ ಜಾಲತಾಣಗಳಲ್ಲಿ ಹಬ್ಬಿ, ಜನ ಮಣ್ಣು ರಸ್ತೆಯಲ್ಲಿ ಮುಗಿಬಿದ್ದು, ಕೊನೆಗೆ 2023ರ ಬಣ್ಣದ ಋತುವಿನಲ್ಲಿ ಊರಿನವರಲ್ಲದವರಿಗೆ ಆ ರಸ್ತೆಯನ್ನೇ ಮುಚ್ಚಿದರು. ಯಾರದೋ ಅಂಗಳದಲ್ಲಿ ನಿಂತು ಪೋಸ್ ಕೊಡುವ ಅಗತ್ಯವಿಲ್ಲ, ಮರಗಳಿಗೆ ಅಲ್ಲಿ ಬರವಿಲ್ಲ.

ಮಳೆ ಬಂದರೆ ಪ್ರಯಾಣ ರದ್ದು ಮಾಡಬೇಡಿ. ಮೋಡದ ಬೆಳಕಿನಲ್ಲಿ, ಒದ್ದೆ ಕಪ್ಪು ಕಾಂಡಗಳ ಎದುರು ಕೆಂಪು ಇನ್ನೂ ಗಾಢ. ಹೆದರಬೇಕಾದದ್ದು ಬಿರುಗಾಳಿಗೆ. ಒಂದೇ ರಾತ್ರಿಯಲ್ಲಿ ಬೆಟ್ಟ ಬೋಳಾಗಬಹುದು. ಹಾಗಾದರೂ ಎರಡು ವಾರ ಕಾದು ಬಾಸ್ಟನ್‌ನಲ್ಲೇ ಇರುವ ಆರ್ನಲ್ಡ್ ಆರ್ಬೊರೀಟಮ್‌ಗೆ ಹೋಗಿ. ಹಾರ್ವರ್ಡ್ ವಿಶ್ವವಿದ್ಯಾಲಯ 1872ರಲ್ಲಿ ಸ್ಥಾಪಿಸಿದ ಈ ಮರಗಳ ತೋಟಕ್ಕೆ ಪ್ರವೇಶ ಶುಲ್ಕವಿಲ್ಲ. ಮೆಟ್ರೊದ ಆರೆಂಜ್ ಲೈನ್ ಹಿಡಿದು ಕೊನೆಯ ನಿಲ್ದಾಣ ಫಾರೆಸ್ಟ್ ಹಿಲ್ಸ್‌ನಲ್ಲಿ ಇಳಿದರೆ ಅಲ್ಲಿಂದ ನಡೆದೇ ಹೋಗಬಹುದು.